ರಕ್ತ ಸೋಸುವ ಕೇಂದ್ರದಲ್ಲಿ ನಮಗೆ ಸಿಕ್ಕ ಆರೈಕೆ

ಆನುವಂಶಿಕವಾಗಿ ಬಂದ ಅಧಿಕ ಕೊಲೆಸ್ಟರಾಲ್‌ಗಾಗಿ ನನ್ನ ತಮ್ಮ ಜರ್ಮನಿಯ ಕೇಂದ್ರವೊಂದರಲ್ಲಿ ಎರಡು ವಾರಕ್ಕೊಮ್ಮೆ ಎಲ್‌ಡಿಎಲ್ ಅಫೆರೆಸಿಸ್ (‘ಕೆಟ್ಟ ಕೊಲೆಸ್ಟರಾಲ್’ ಎನ್ನುವ ಎಲ್‌ಡಿಎಲ್ ಅನ್ನು ರಕ್ತದಿಂದ ಸೋಸಿ ತೆಗೆಯುವ ಚಿಕಿತ್ಸೆ) ಮಾಡಿಸಿಕೊಳ್ಳುತ್ತಾನೆ. ಒಂದು ತೋಳಿನಿಂದ ಹೊರಟ ರಕ್ತದಿಂದ ಹಳದಿ ಪ್ಲಾಸ್ಮಾ ಬೇರ್ಪಟ್ಟು, ಎಲ್‌ಡಿಎಲ್ ಕಣಗಳನ್ನು ಕಾಲಮ್ ಎಂಬ ಸೋಸುಕೊಳವೆಯಲ್ಲಿ ಬಿಟ್ಟು, ಇನ್ನೊಂದು ತೋಳಿಗೆ ಮರಳುತ್ತದೆ. ಸುಮಾರು ಮೂರು ಗಂಟೆಯ ಈ ಒಂದೇ ಸರದಿಯಲ್ಲಿ ಎಲ್‌ಡಿಎಲ್ ಸಾಮಾನ್ಯವಾಗಿ ಶೇ. 60ರಷ್ಟಾದರೂ ಇಳಿಯುತ್ತದೆ.

ಕಾರ್ಟಿಸಾಲ್, ಟೆಸ್ಟೋಸ್ಟೆರಾನ್‌ಗಳಿಗೆ ಕೊಲೆಸ್ಟರಾಲೇ ಮೂಲದ್ರವ್ಯವಾದ್ದರಿಂದ, ಇಷ್ಟನ್ನು ಸೋಸಿ ತೆಗೆದರೆ ಹಾರ್ಮೋನುಗಳ ಗತಿಯೇನು ಎಂಬ ಅಳುಕು ನಮ್ಮನ್ನು ಬಹಳ ಕಾಡುತ್ತಿತ್ತು. ಅಲ್ಲಿನ ವೈದ್ಯೆ ಮಂಚದ ಪಕ್ಕ ಕುಳಿತು, ಅಡ್ರಿನಲ್ ಗ್ರಂಥಿಯೂ ವೃಷಣವೂ ಕೊಲೆಸ್ಟರಾಲನ್ನು ತಾವೇ ತಯಾರಿಸಿಕೊಳ್ಳಬಲ್ಲವು, ಜೀವಕೋಶಗಳಲ್ಲಿ ಕೂಡಿಟ್ಟ ದಾಸ್ತಾನೂ ಇರುತ್ತದೆ, ತೆಗೆದ ಎಲ್‌ಡಿಎಲ್ ಕೂಡ ಕೆಲವೇ ದಿನಗಳಲ್ಲಿ ಮತ್ತೆ ಏರತೊಡಗುತ್ತದೆ ಎಂದು ಸಾವಧಾನವಾಗಿ ತಿಳಿಸಿಕೊಟ್ಟರು. ತಮ್ಮನ ಬೆಳಗಿನ ಕಾರ್ಟಿಸಾಲ್ ಸಹಜ ಮಟ್ಟದಲ್ಲೇ ಬಂದಿತು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ನರ್ಸ್‌ಗಳ ಎಚ್ಚರ. ಕೆಲವು ಕಾಲಮ್‌ಗಳು ರಕ್ತನಾಳಗಳನ್ನು ಹಿಗ್ಗಿಸುವ ಬ್ರಾಡಿಕೈನಿನ್ ಎಂಬ ವಸ್ತುವನ್ನು ರಕ್ತದಲ್ಲಿ ಹೆಚ್ಚಿಸುವುದರಿಂದ, ಅದು ಒಡೆದುಹೋಗದಂತೆ ತಡೆಯುವ ಎಸಿಇ ಇನ್ಹಿಬಿಟರ್ ಗುಂಪಿನ ಬಿಪಿ ಮಾತ್ರೆ ತೆಗೆದುಕೊಂಡವರಲ್ಲಿ ರಕ್ತದೊತ್ತಡ ಅಪಾಯಕರವಾಗಿ ಕುಸಿಯಬಹುದು. ಹೀಗಾಗಿ ಸೂಜಿ ಚುಚ್ಚುವ ಮೊದಲು ಪ್ರತಿ ಸಲವೂ ಅವನ ಮಾತ್ರೆಗಳ ಚೀಟಿಯನ್ನು ಓದುತ್ತಾರೆ. ಕೊರತೆಯೆಂದರೆ ಒಂದೇ: ಹಾರ್ಮೋನ್ ಪರೀಕ್ಷೆಯನ್ನು ನಾವಾಗಿಯೇ ಕೇಳಬೇಕಾಯಿತು. ಕೇಳುವವರು ರಕ್ತದ ಮಾದರಿಯನ್ನು ಸರದಿಗೆ ಮೊದಲೇ, ಬೆಳಿಗ್ಗೆಯೇ ಕೊಡಬೇಕು.