ಇಲಿಗೆ ಡಯಾಜೆಪಾಮೋ, ಬಸ್ಪಿರೋನೋ?

ದಾವಣಗೆರೆ, ಚಿತ್ರದುರ್ಗದ ಕಡೆ ಫಾರ್ಮಸಿ ಓದುತ್ತಾ ಆತಂಕದ ಮೇಲೆ ಪ್ರಾಜೆಕ್ಟ್ ಹಿಡಿದವರಿಗೆ ಮೊದಲ ತಲೆನೋವು ಇದೇ: ಆತಂಕ ತಗ್ಗಿಸುತ್ತದಾ ಅಂತ ಇಲಿಗಳ ಮೇಲೆ ಪರೀಕ್ಷಿಸುವ ನಿಮ್ಮ ಗಿಡದ ಸಾರವನ್ನು ಯಾವ ಔಷಧಿಯ ಪಕ್ಕ ಇಟ್ಟು ಹೋಲಿಸಿ ನೋಡೋದು? ಡಯಾಜೆಪಾಮ್, ಬಸ್ಪಿರೋನ್ ಎರಡೂ ಆತಂಕ ತಗ್ಗಿಸುವ ಔಷಧಿಗಳೇ.

ಡಯಾಜೆಪಾಮ್‌ದು ನೇರ ವ್ಯವಹಾರ. ಮೆದುಳನ್ನು ಶಾಂತಗೊಳಿಸುವ ಗಾಬಾ ಅನ್ನೋ ರಾಸಾಯನಿಕದ ಕೆಲಸಕ್ಕೆ ಬಲ ಕೊಡುತ್ತದೆ. ಕೆಜಿ ತೂಕಕ್ಕೆ 1-2 ಮಿಲಿಗ್ರಾಂ ಚುಚ್ಚಿ, ಅರ್ಧ ಗಂಟೆ ಬಿಟ್ಟು ಪ್ಲಸ್ ಮೇಜ್ (ನೆಲದಿಂದ ಎತ್ತರದಲ್ಲಿರುವ, ಎರಡು ಹಾದಿಗೆ ಗೋಡೆಯಿದ್ದು ಇನ್ನೆರಡಕ್ಕೆ ಇಲ್ಲದ + ಆಕಾರದ ಕಟ್ಟೆ) ಮೇಲೆ ಬಿಡಿ. ಔಷಧಿ ಸಿಗದ ಇಲಿ ಗೋಡೆಯಿಲ್ಲದ ಹಾದಿಯತ್ತ ಮೈ ಉದ್ದ ಮಾಡಿ ಮೂಸಿ, ಸರ್ರನೆ ಹಿಂದೆ ಸರಿಯುತ್ತದೆ. ಡಯಾಜೆಪಾಮ್ ಇಲಿ ತುದಿವರೆಗೂ ಹೋಗಿ ಅಂಚಿನಿಂದ ತಲೆ ಬಗ್ಗಿಸಿ ಕೆಳಗೆ ನೋಡುತ್ತದೆ! ಡೋಸ್ ಜಾಸ್ತಿಯಾದರೆ ಮಂಪರು ಬಂದು ಓಡಾಟವೇ ಕಮ್ಮಿಯಾಗುತ್ತದೆ, ಹಾಗಾಗಿ ರೋಟಾರಾಡ್ (ಇಲಿ ಬೀಳದೆ ನಿಲ್ಲುತ್ತದಾ ಅಂತ ನೋಡುವ ತಿರುಗುವ ಕೋಲು) ಮೇಲೂ ನೋಡಿಬಿಡಿ. ಒಮ್ಮೆ ಮೇಜ್ ಹತ್ತಿದ ಇಲಿಯನ್ನು ಮತ್ತೆ ಹತ್ತಿಸಬೇಡಿ. ಎರಡನೇ ಸಲ ಔಷಧಿಯ ಪರಿಣಾಮ ಕಾಣುವುದೇ ಕಷ್ಟ.

ಬಸ್ಪಿರೋನ್ ಸೆರೊಟೋನಿನ್ ಅನ್ನೋ ಮೆದುಳಿನ ಇನ್ನೊಂದು ರಾಸಾಯನಿಕದ ದಾರಿಯದು. ಮಂಪರು ಕಮ್ಮಿ. ಆದರೆ ಪ್ಲಸ್ ಮೇಜ್‌ನಲ್ಲಿ ಫಲಿತಾಂಶ ಒಂದೊಂದು ಸಲ ಒಂದೊಂದು ಥರ.

ಸಾರ ಸೆರೊಟೋನಿನ್ ಮೂಲಕ ಕೆಲಸ ಮಾಡುತ್ತದೆ ಅನ್ನೋ ಅನುಮಾನವಿದ್ದರೆ ಬಸ್ಪಿರೋನ್ ಸರಿ. ಇಲ್ಲದಿದ್ದರೆ ಸುಮ್ನೆ ಡಯಾಜೆಪಾಮ್ ಆರಿಸಿಕೊಳ್ಳಿ. ಅದು ನಿಯಂತ್ರಿತ ಔಷಧಿ, ಕಾಗದಪತ್ರ ಮೊದಲೇ ಮಾಡಿಸಿ. ಪ್ರಾಣಿ ನೀತಿ ಸಮಿತಿಯ ಅನುಮತಿ ಎರಡಕ್ಕೂ ಬೇಕು.