ಪಣಜಿ ಕ್ಯಾಸಿನೊಗೆ ಹೋಗುವವರ ವಸ್ತಿ: ಪ್ಯಾಕೇಜ್, ಆ್ಯಪ್, ನೇರ ಫೋನ್ – ಯಾವುದರಲ್ಲಿ ರೊಕ್ಕ ಉಳಿಯುತ್ತದೆ?

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಮೂರು–ಮೂರೂವರೆ ತಾಸಿಗೆ ಪಣಜಿ. ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡವಿ. ಕ್ಯಾಸಿನೊ ಹಡಗುಗಳು ನಿಂತಿರುವುದು ಅದರ ಮೇಲೆಯೇ. ಶನಿವಾರ ಬಂತೆಂದರೆ ಬಾಂದೋಡ್ಕರ್ ಮಾರ್ಗದಲ್ಲಿ ಕೆಎ-22 ಕಾರುಗಳಿಗೆ ಬರವಿಲ್ಲ. ಹಡಗಿನ ಒಳಗೆ ಎಷ್ಟು ಹೋಗುತ್ತದೆ ಅನ್ನುವುದು ಅವರವರ ಹಣೆಬರಹ. ವಸ್ತಿಯ ಖರ್ಚು ಮಾತ್ರ ನಮ್ಮ ಕೈಯಲ್ಲೇ ಇದೆ.

ಮೊದಲು ಪ್ಯಾಕೇಜ್. ಕ್ಯಾಸಿನೊದವರೋ ಏಜೆಂಟರೋ ರೂಮ್ ಮತ್ತು ಎಂಟ್ರಿ ಸೇರಿಸಿ ಒಂದೇ ದರ ಹೇಳುತ್ತಾರೆ. ನೋಡಲಿಕ್ಕೆ ಅಗ್ಗ ಅನ್ನಿಸುತ್ತದೆ, ಆದರೆ ಬಿಡಿಸಿ ನೋಡಿ. ಎಂಟ್ರಿ ಟಿಕೆಟ್‌ನಲ್ಲೇ ಸಾಮಾನ್ಯವಾಗಿ ಬಫೆ ಊಟ, ಕುಡಿಯುವುದು, ಒಂದಿಷ್ಟು ಚಿಪ್ಸ್ (ಆಟದಲ್ಲಿ ರೊಕ್ಕದ ಬದಲು ಇಡುವ ಬಿಲ್ಲೆಗಳು) ಸೇರಿರುತ್ತವೆ. ಆ ಚಿಪ್ಸ್‌ನಲ್ಲಿ ಒಂದು ಪಾಲು ಆಡಲಿಕ್ಕೆ ಮಾತ್ರ, ಕೌಂಟರ್‌ನಲ್ಲಿ ಕೊಟ್ಟು ರೊಕ್ಕ ಮಾಡಿಕೊಳ್ಳಲು ಬರುವುದಿಲ್ಲ. ಇನ್ನು ರೂಮಿನ ಪ್ಲಾನ್: ಇಪಿ ಅಂದರೆ ಬರೀ ರೂಮ್, ಸಿಪಿ ಅಂದರೆ ಮುಂಜಾನೆಯ ನಾಷ್ಟಾ ಸೇರಿದ್ದು, ಎಂಎಪಿ ಅಂದರೆ ನಾಷ್ಟಾದ ಜೊತೆ ಒಂದು ಊಟ. ರಾತ್ರಿ ಒಂಬತ್ತಕ್ಕೆ ಹಡಗು ಹತ್ತಿ ನಸುಕಿನಲ್ಲಿ ಇಳಿಯುವವನಿಗೆ ಹೋಟೆಲಿನ ರಾತ್ರಿ ಊಟ ಬೇಕಿಲ್ಲ, ನಾಷ್ಟಾ ಮುಗಿಯುವ ಹೊತ್ತಿಗೆ ಅವನಿಗೆ ಎಚ್ಚರವೇ ಇರುವುದಿಲ್ಲ. ಪ್ಯಾಕೇಜಿನಲ್ಲಿ ಎಂಎಪಿ ರೂಮ್ ಕೊಟ್ಟರೆ ಒಂದೇ ಊಟಕ್ಕೆ ಎರಡು ಸಲ ಕೊಟ್ಟಂತಾಯಿತು. ಅದಕ್ಕೇ ಎಂಟ್ರಿ ಬೇರೆ, ರೂಮ್ ಬೇರೆ ಅಂತ ಎರಡು ದರ ಕೇಳಿ. ಕೊಡದಿದ್ದರೆ ಆ ಪ್ಯಾಕೇಜ್ ಬಿಟ್ಟುಬಿಡಿ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ ಪ್ರವೇಶಕ್ಕೆ ಜಿಎಸ್‌ಟಿ ಶೇ 40. ಹೇಳಿದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಅನ್ನುವುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ದೊಡ್ಡ ಮೊತ್ತದ ಚಿಪ್ಸ್ ಕೊಂಡವರಿಗೆ ಸಿಗುವ "ಪುಕ್ಕಟೆ ರೂಮ್" ಬಗ್ಗೆ ಹೆಚ್ಚು ಹೇಳುವುದು ಬೇಡ. ಅದಕ್ಕಿಂತ ದುಬಾರಿ ರೂಮ್ ಪಣಜಿಯಲ್ಲಿಲ್ಲ.

ಆ್ಯಪ್‌ಗಳು ದರ ಹೋಲಿಸಲಿಕ್ಕೆ ಒಳ್ಳೆಯವು, ಕೊಳ್ಳಲಿಕ್ಕೆ ಯಾವಾಗಲೂ ಅಲ್ಲ. ದೊಡ್ಡ ಅಕ್ಷರದಲ್ಲಿರುವ ದರದ ಕೆಳಗೆ ಸಣ್ಣದಾಗಿ "ಟ್ಯಾಕ್ಸ್ ಮತ್ತು ಫೀ" ಅಂತ ಇರುತ್ತದೆ, ಹೋಲಿಕೆ ಮಾಡಬೇಕಾದದ್ದು ಅದನ್ನೂ ಕೂಡಿಸಿದ ಮೊತ್ತವನ್ನು. ಒಂದು ರಾತ್ರಿಗೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ 18. ಹಾಗಾಗಿ 7,500ರ ರೂಮ್ ಕೈಗೆ ಬೀಳುವುದು 7,875ಕ್ಕೆ, 7,600ರದ್ದು 8,968ಕ್ಕೆ. ನೂರು ರೂಪಾಯಿ ವ್ಯತ್ಯಾಸ ಬಿಲ್ಲಿನಲ್ಲಿ 1,093 ಆಗುತ್ತದೆ! ವಾರಾಂತ್ಯದಲ್ಲಿ ನದಿ ಕಾಣುವ ರೂಮುಗಳು ಈ ಗೆರೆಯ ಆಚೀಚೆಯೇ ಆಡುತ್ತವೆ. ಹೋಟೆಲಿನವರಿಗೆ ಇದು ಚೆನ್ನಾಗಿ ಗೊತ್ತು, 7,500ಕ್ಕೆ ಇಳಿಸಿ ಅಂದರೆ ಅನೇಕರು ಇಳಿಸುತ್ತಾರೆ.

ನಮ್ಮ ಮತ ನೇರ ಫೋನಿಗೆ. ಆ್ಯಪ್‌ನಲ್ಲಿ ಹೋಟೆಲ್ ಆರಿಸಿ, ನಂಬರ್ ಹುಡುಕಿ, ರಿಸೆಪ್ಷನ್‌ಗೆ ಹಚ್ಚಿ. ಹಿಂದಿ ಸಾಕು, ಬೆಳಗಾವಿಯವರಿಗೆ ಮರಾಠಿಯೂ ಕೈಹಿಡಿಯುತ್ತದೆ. ಆ್ಯಪ್‌ಗೆ ಹೋಗುವ ಕಮಿಷನ್ ಉಳಿಯುವುದರಿಂದ ಸಣ್ಣ ಲಾಡ್ಜಿನವರು ದರ ಕಡಿಮೆ ಮಾಡುತ್ತಾರೆ, ಇಲ್ಲದಿದ್ದರೆ ಬೇಗ ಚೆಕ್-ಇನ್ ಆದರೂ ಕೊಡುತ್ತಾರೆ. ಈ ಎರಡನೆಯದು ಸಣ್ಣ ಲಾಭವಲ್ಲ. ಮುಂಜಾನೆಯ ಬಸ್ಸಿಗೆ ಹೋದವರು ಹನ್ನೊಂದಕ್ಕೆ ಕದಂಬ ಬಸ್ ನಿಲ್ದಾಣದಲ್ಲಿ ಇಳಿದಿರುತ್ತಾರೆ, ಚೆಕ್-ಇನ್ ಬಹಳ ಕಡೆ ಮಧ್ಯಾಹ್ನ ಒಂದು–ಎರಡಕ್ಕೆ. ಕೇಳಬೇಕಾದದ್ದು ಇಷ್ಟು: ಟ್ಯಾಕ್ಸ್ ಸೇರಿ ಇಪಿ ದರ ಎಷ್ಟು, ರಾತ್ರಿ ಮೂರಕ್ಕೆ ಬಂದರೆ ಗೇಟ್ ತೆರೆಯುತ್ತಾರೋ, ಕಾರ್ ನಿಲ್ಲಿಸಲು ಜಾಗ ಇದೆಯೋ, ಚೆಕ್-ಔಟ್ ಒಂದು ತಾಸು ತಡವಾದರೆ ಏನು ಹಿಡಿಯುತ್ತಾರೆ. ಗೇಟಿನ ಪ್ರಶ್ನೆ ನಗೆಯದಲ್ಲ. ಮನೆಯ ಮಾಳಿಗೆಯಲ್ಲಿ ನಡೆಸುವ ಗೆಸ್ಟ್‌ಹೌಸ್‌ಗಳಲ್ಲಿ ಹನ್ನೊಂದಕ್ಕೆ ಬೀಗ ಬೀಳುವುದುಂಟು.

ಹಬ್ಬದ ಸೀಸನ್ ಇದ್ದರೆ ಮಾತ್ರ ಆ್ಯಪ್‌ನಲ್ಲಿ "ಫ್ರೀ ಕ್ಯಾನ್ಸಲೇಶನ್" ಇರುವುದನ್ನು ಮೊದಲೇ ಹಿಡಿದಿಟ್ಟುಕೊಳ್ಳಿ. ಕೊನೆಯ ದಿನಾಂಕಕ್ಕೆ ಮುಂಚೆ ಇನ್ನೊಮ್ಮೆ ದರ ನೋಡಿ, ಇಳಿದಿದ್ದರೆ ಹೊಸದು ಬುಕ್ ಮಾಡಿ ಹಳೆಯದನ್ನು ಕ್ಯಾನ್ಸಲ್ ಮಾಡಿ. ಹಳೆಯದನ್ನು ಮೊದಲು ರದ್ದು ಮಾಡಿದರೆ ಎರಡೂ ಕೈತಪ್ಪಬಹುದು.

ಜಾಗದ ವಿಷಯ. 18 ಜೂನ್ ರಸ್ತೆ, ಪಾಟೋ ಸುತ್ತಮುತ್ತಲಿನ ಸಾದಾ ಲಾಡ್ಜುಗಳಿಂದ ಹಡಗಿಗೆ ಹೋಗುವ ಜೆಟ್ಟಿಗೆ ನಡೆದೇ ಹೋಗಬಹುದು. ಫಾಂಟೇನ್ಹಾಸ್ ಚೆಂದ, ಆದರೆ ಆ ಹಳೇ ಪೋರ್ಚುಗೀಸ್ ಮನೆಗಳ ಚೆಂದಕ್ಕೂ ದರ ಹಿಡಿಯುತ್ತಾರೆ. ನದಿಯ ಆಚೆ ದಂಡೆಯ ಪರ್ವರಿ, ಬೇತಿಮ್ ಕಡೆ ರೂಮ್ ಅಗ್ಗ. ಹಗಲಿನಲ್ಲಿ ಬೇತಿಮ್ ಫೆರಿಯಲ್ಲಿ ನಡೆದು ಹೋಗುವವರಿಗೆ ಟಿಕೆಟ್ ಇಲ್ಲ. ನಡುರಾತ್ರಿ ಮಾತ್ರ ಟ್ಯಾಕ್ಸಿಯೇ ಗತಿ, ಗೋವಾದಲ್ಲಿ ಓಲಾ-ಊಬರ್ ನಡೆಯುವುದಿಲ್ಲ, ಗೋವಾಮೈಲ್ಸ್ ಆ್ಯಪ್ ಹಾಕಿಕೊಳ್ಳಬೇಕು. ರೂಮಿನಲ್ಲಿ ಉಳಿಸಿದ ಐನೂರು ಅಲ್ಲಿಗೆ ಸರಿಹೋಯಿತು.

ದಿನದ ಲೆಕ್ಕ ಎಲ್ಲಕ್ಕಿಂತ ದೊಡ್ಡದು. ಶುಕ್ರವಾರದಿಂದ ರೂಮೂ ಏರುತ್ತದೆ, ಎಂಟ್ರಿಯೂ ಏರುತ್ತದೆ. ಅಂಗಡಿಯವರು ತಮ್ಮ ರಜೆಯ ದಿನ ನೋಡಿಕೊಂಡು ಸೋಮವಾರದಿಂದ ಗುರುವಾರದೊಳಗೆ ಹೋದರೆ ಎರಡೂ ಕಡೆ ಉಳಿಯುತ್ತದೆ. ನವೆಂಬರ್ ಕೊನೆಯಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ ಪಣಜಿಯಲ್ಲೇ ನಡೆಯುತ್ತದೆ. ಆ ದಿನಗಳು, ದೀಪಾವಳಿ ವಾರ, ಕ್ರಿಸ್ಮಸ್‌ನಿಂದ ಹೊಸವರ್ಷದವರೆಗೆ, ಕಾರ್ನಿವಲ್ ದಿನಗಳು – ಇವುಗಳಲ್ಲಿ ಮೊದಲೇ ಹಿಡಿದಿಟ್ಟುಕೊಳ್ಳುವುದು ಬಿಟ್ಟರೆ ಬೇರೆ ಯಾವ ಉಪಾಯವೂ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಅಗ್ಗ, ಆದರೆ ಮಳೆಯಲ್ಲಿ ಚೋರ್ಲಾ ಹೇಗಿರುತ್ತದೆ ಅಂತ ಬೆಳಗಾವಿಯವರಿಗೆ ಹೇಳಬೇಕಿಲ್ಲ.

ರೂಮೇ ಬೇಡ, ನಸುಕಿನಲ್ಲಿ ಇಳಿದು ಕಾರ್ ಓಡಿಸಿಕೊಂಡು ಬಂದುಬಿಡೋಣ ಅನ್ನುವ ಗುಂಪುಗಳಿವೆ. ನಿದ್ದೆಗೆಟ್ಟು, ಕುಡಿದು ಆ ತಿರುವುಗಳನ್ನು ಹತ್ತುವುದು ಉಳಿತಾಯವಲ್ಲ. ಅಷ್ಟಕ್ಕೂ ಬೇಡವೆಂದರೆ ಬಸ್ಸಿಗೆ ಬನ್ನಿ.

ದೊಡ್ಡವರೆಲ್ಲರ ಆಧಾರ್ ಬೇಕು. ಲಾಡ್ಜಿನಲ್ಲಿ ಹದಿನೆಂಟು ತುಂಬಿದವರಿಗೆ ರೂಮ್ ಸಿಕ್ಕರೂ ಕ್ಯಾಸಿನೊದೊಳಗೆ 21 ತುಂಬದವರನ್ನು ಬಿಡುವುದಿಲ್ಲ. ಕಾರಿನವರು ಹೋಗುವಾಗ ಟ್ಯಾಂಕ್ ಫುಲ್ ಮಾಡಿಸಬೇಡಿ, ಪೆಟ್ರೋಲ್ ಗೋವಾದಲ್ಲಿ ಅಗ್ಗ, ಬರುವಾಗ ತುಂಬಿಸಿಕೊಳ್ಳಿ. ಡಿಕ್ಕಿಯಲ್ಲಿ ಬಾಟಲಿ ಮಾತ್ರ ಬೇಡ, ಕಣಕುಂಬಿ ಚೆಕ್‌ಪೋಸ್ಟ್‌ನಲ್ಲಿ ತೆರೆದು ನೋಡುತ್ತಾರೆ.