ಬಿಪಿ ಮಾತ್ರೆ: ಸರ್ಕಾರಿ ಆಸ್ಪತ್ರೆಯದ್ದಾ, ಜನೌಷಧಿಯದ್ದಾ, ಮೆಡಿಕಲ್ ಶಾಪಿನದ್ದಾ?

ಮಂಡ್ಯದ ಗೆಳೆಯರೊಬ್ಬರು ಕೇಳಿದ್ದಾರೆ, ಅಪ್ಪನ ಬಿಪಿ ಮಾತ್ರೆ ಎಲ್ಲಿಂದ ತರೋದು ಒಳ್ಳೇದು ಅಂತ.

ದುಡ್ಡಿನ ಲೆಕ್ಕದಲ್ಲಿ ಸರ್ಕಾರಿ ಆಸ್ಪತ್ರೆಗೆ ಸಾಟಿಯಿಲ್ಲ. ಅಮ್ಲೋಡಿಪಿನ್‌ನಂಥ ಮಾತ್ರೆ ಅಲ್ಲಿ ಪುಕ್ಕಟೆ. ಜನೌಷಧಿಯಲ್ಲಿ ಸಾಮಾನ್ಯವಾಗಿ ಬ್ರಾಂಡಿನ ಅರ್ಧ ಬೆಲೆಗಿಂತಲೂ ಕಡಿಮೆ. ಒಳಗಿನ ಔಷಧ ಅದೇ, ಹೆಸರು ಬೇರೆ.

ಎಡವಟ್ಟಾಗೋದು ಆ ಹೆಸರಿನಿಂದಲೇ. ನಮ್ಮ ಮಾವನವರು ಹಳೇ ಬ್ರಾಂಡಿನ ಜೊತೆ ಜನೌಷಧಿಯದನ್ನೂ ಹದಿನೈದು ದಿನ ನುಂಗಿದ್ದರು. ಎರಡೂ ಅಮ್ಲೋಡಿಪಿನ್ 5 ಮಿಲಿಗ್ರಾಂ! ಪಾದ ಊದಿಕೊಂಡು ಚಪ್ಪಲಿ ಹಿಡಿಸದಂತಾದಾಗಲೇ ಗೊತ್ತಾಗಿದ್ದು. ಅಂಗಡಿ ಬದಲಿಸಿದಾಗ ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು, ಮಿಲಿಗ್ರಾಂ ಎರಡನ್ನೂ ಡಾಕ್ಟರ ಚೀಟಿಯ ಪಕ್ಕ ಇಟ್ಟು ನೋಡಿ. ಬ್ರಾಂಡಿನ ಹೆಸರಿಗೆ ‘ಎಚ್’, ‘ಎಟಿ’ ಅಂತ ಬಾಲ ಇದ್ದರೆ ಸಾಮಾನ್ಯವಾಗಿ ಇನ್ನೊಂದು ಔಷಧವೂ ಸೇರಿರುತ್ತದೆ.

ಒಂದೇ ಮಾತ್ರೆ, ತಿಂಗಳಿಗೊಮ್ಮೆ ಹೋಗಿಬರಲು ಕಷ್ಟವಿಲ್ಲ ಅನ್ನೋರಿಗೆ ಸರ್ಕಾರಿ ಆಸ್ಪತ್ರೆ ಸಾಕು. ಬಿಪಿಯನ್ನೂ ನೋಡುತ್ತಾರೆ, ಅಲ್ವಾ? ಎರಡು ಮೂರು ಮಾತ್ರೆ ಇರುವವರಿಗೆ ಜನೌಷಧಿ. ‘ಸ್ಟಾಕ್ ಇಲ್ಲ’ ಅನ್ನೋದೂ ಉಂಟು, ವಾರ ಮೊದಲೇ ಹೋಗಿ. ಬರೆದ ಮಾತ್ರೆ ಅಲ್ಲಿ ಸಿಗದಿದ್ದರೆ, ಇಲ್ಲವೇ ರಾತ್ರಿ ಒಂಬತ್ತಕ್ಕೆ ಸ್ಟ್ರಿಪ್ ಖಾಲಿಯಾದರೆ, ಮೆಡಿಕಲ್ ಶಾಪೇ ಗತಿ. ಒಂದು ದಿನ ತಪ್ಪಿತೆಂದು ಮರುದಿನ ಎರಡು ನುಂಗುವಂತಿಲ್ಲ, ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸುವಂತೆಯೂ ಇಲ್ಲ.